ಎದುರುಮನೆಯವಳು ಉಟ್ಟ ತವರು ಸೀರೆ

ಸ್ವಲ್ಪ ಹತ್ತಿರ ಬನ್ನಿ. ಆ ಬಾಗಿಲು ಅರ್ಧ ಮುಂದಕ್ಕೆಳೀರಿ, ಎದುರುಮನೆಗೆ ಕೇಳಿಸುತ್ತೆ. ಈಗ ನಾನು ಹೇಳೋದು ನಿಮ್ಮ ಕಿವಿ ದಾಟಿ ಆಚೆ ಹೋಗಕೂಡದು. ಇದನ್ನ ನಾನು ಯಾರಿಗೂ ಹೇಳಿಲ್ಲ. ಹಾಲಿನ ಡೈರಿಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಅಲ್ಲಿ ಕ್ಯಾನಿನ ಸದ್ದು, ಅರ್ಧ ಕೇಳಿಸಿರಲ್ಲ.

ಹೆಂಗಸರಿಗೆ ಎದೆ ಕ್ಯಾನ್ಸರ್ ಬರದಂಗೆ ಕಾಪಾಡ್ತೀವಿ ಅಂತ ಸೆರಗು ಸಿಕ್ಕಿಸಿಕೊಂಡು ಹೊರಟವರು ನಮ್ಮ ಹಾಸನದ ಕಡೆ ಜಾಸ್ತಿ ಆದಾಗಿಂದ ಇಂಥವು ನಡೀತಾನೇ ಇವೆ. ಮೊದಲು ಇದ್ದದ್ದು ಒಂದೇ ಸಂಘ, ಗುಲಾಬಿ ಸೀರೆಯವರದು. ವೇದಿಕೆ ಮೇಲೆ ನಡುವಿನ ಕುರ್ಚಿ ಯಾರದು ಅಂತ ಅಧ್ಯಕ್ಷೆಗೂ ಕಾರ್ಯದರ್ಶಿಗೂ ಜಗಳ ಬಂತು. ಕಾರ್ಯದರ್ಶಿ ಆಚೆ ಹೋಗಿ ನೇರಳೆ ಸೀರೆ ಸಂಘ ಕಟ್ಟಿಕೊಂಡಳು. ಇಬ್ಬರಿಗೂ ಮುಂದಿನ ಎಲೆಕ್ಷನ್ನಿಗೆ ಟಿಕೆಟ್ ಬೇಕು. ಅದಕ್ಕೇ ಇಬ್ಬರಿಗೂ ನಮ್ಮ ಎದೆ ಮೇಲೆ ಕಣ್ಣು.

ನನ್ನ ಕೆಲಸ ಹೆಂಗಸರನ್ನ ಕೂಡಿಸಿ ವ್ಯಾನು ಹತ್ತಿಸೋದು. ಯಾರ ಸಭೆ ಆದರೂ ಸರಿ, ಕುರ್ಚಿ ತುಂಬಬೇಕು. ನಾನು ಓದಿರೋದು ಮೂರನೇ ಕ್ಲಾಸು, ಅದೂ ಪೂರ್ತಿ ಇಲ್ಲ. ಆದರೆ ಯಾವ ಮನೆ ಹೆಂಗಸು ಯಾವ ಹೊತ್ತಲ್ಲಿ ಪುರುಸೊತ್ತಾಗಿರ್ತಾಳೆ ಅಂತ ನನಗೆ ಗೊತ್ತಿರೋ ಹಾಗೆ ಅವಳ ಗಂಡನಿಗೂ ಗೊತ್ತಿರಲ್ಲ. ಗುಲಾಬಿಯವರು ಕರೆದರೆ ಗುಲಾಬಿ ಸೀರೆ ಉಡಿಸ್ತೀನಿ, ನೇರಳೆಯವರು ಕರೆದರೆ ನೇರಳೆ. ಒಳಗಿರೋ ಹೆಂಗಸರು ಅವರೇ.

ಹುಣಸೆ ಬೀಜ

ನಮ್ಮ ಎದುರುಮನೆಯವಳ ಗಂಡ ಹಿಟ್ಟಿನ ಗಿರಣಿ ನಡೆಸ್ತಾನೆ. ತಲೆಯಿಂದ ಕಾಲವರೆಗೆ ಬೆಳ್ಳಗೆ ಹಿಟ್ಟು ಮೆತ್ತಿಕೊಂಡು ಮುಸ್ಸಂಜೆಯಲ್ಲಿ ನಡೆದು ಬಂದರೆ ಬೀದಿ ನಾಯಿ ಇವತ್ತಿಗೂ ದೆವ್ವ ಕಂಡಂಗೆ ಬೊಗಳುತ್ತೆ. ಇವಳು ಸಾಧು. ಮಾತು ಕಮ್ಮಿ, ನೋಡೋದು ಜಾಸ್ತಿ.

ಒಂದು ಮಧ್ಯಾಹ್ನ ಬಂದು ನಮ್ಮ ಬಾಗಿಲು ಹಾಕಿ ಚಿಲಕ ಸರಿಸಿದಳು. ನನಗೆ ಖುಷಿ ಆಯ್ತು, ಚಿಲಕ ಹಾಕೋ ಸುದ್ದಿ ಬೀದಿಗೆ ಬಂದು ಬಹಳ ದಿನ ಆಗಿತ್ತು.

"ಅಕ್ಕ, ಎಣ್ಣೆ ಹಚ್ಕೊಂಡು ನೀರು ಉಯ್ಕೊತಿದ್ದೆ. ಇಲ್ಲಿ ಒಂದು ಗಂಟು ಕೈಗೆ ಸಿಕ್ತು. ಹುಣಸೆ ಬೀಜದಷ್ಟದೆ" ಅಂತ ಎದೆ ಮೇಲೆ ಬೆರಳಿಟ್ಟಳು.

"ನೋಯ್ತದಾ?"

"ನೋವಿಲ್ಲ ಕಣಕ್ಕ, ಅದ್ಕೇ ಭಯ. ನೋಯೋದಾದ್ರೆ ನಂದು ಅನ್ಕೋತಿದ್ದೆ. ಇದು ಇನ್ಯಾರ್ದೋ ನನ್ನೊಳಗೆ ಬಂದು ಕುಂತಂಗದೆ."

"ದೊಡ್ಡಾಸ್ಪತ್ರೆಗೆ ಹೋಗಿ ತೋರಿಸೆ" ಅಂದೆ.

"ಅಲ್ಲಿರೋದು ಗಂಡು ಡಾಕ್ಟ್ರು. ಲಗ್ನ ಆದಾಗಿಂದ ನಮ್ಮೆಜಮಾನ್ರೇ ದೀಪ ಆರಿಸ್ದೆ ನೋಡಿಲ್ಲ. ಎಂಗ್ಸು ಡಾಕ್ಟ್ರು ನೋಡೋದಾದ್ರೆ ತೋರಿಸ್ತೀನಿ. ನೀನು ಆ ಕ್ಯಾಂಪು ಈ ಕ್ಯಾಂಪು ಅಂತ ಓಯ್ತೀಯಲ್ಲ, ನನ್ನೂ ಕರ್ಕೊಂಡೋಗು. ಯಾರ್ಗೂ ಏಳ್ಬ್ಯಾಡ."

ಅವಳಿಗೆ ಬೇಕಾಗಿದ್ದು ಇಷ್ಟೇ ನೋಡಿ. ಒಬ್ಬ ಹೆಂಗಸು ಡಾಕ್ಟರು ಅಲ್ಲಿ ಕೈಯಿಟ್ಟು ಇದು ಒಳ್ಳೇದೋ ಕೆಟ್ಟದ್ದೋ ಅಂತ ಹೇಳಬೇಕು. ಅದೊಂದು ಮಾತಿಗೆ ಅವಳು ಎಷ್ಟು ಊರು ತಿರುಗಿದಳು ಅನ್ನೋದೇ ಈ ಕಥೆ.

ನಾನು ಯಾರಿಗೂ ಹೇಳಲಿಲ್ಲ. ಇಬ್ಬರಿಗೆ ಬಿಟ್ಟು. ಇಬ್ಬರ ಕೈಲೂ ಆಣೆ ಹಾಕಿಸಿಕೊಂಡೇ ಹೇಳಿದ್ದು. ಸಾಯಂಕಾಲ ಇವಳು ಹೂ ತಗೊಳ್ಳೋಕೆ ನಿಂತರೆ ಹೂವಿನವಳು ಮೊಳ ಹಾಕ್ತಾ ಹಾಕ್ತಾನೇ ಕೇಳಿದಳಂತೆ, "ಎಡಗಡೇದಾ ಬಲಗಡೇದಾ ಅಕ್ಕ?"

ಉಸಿರು ಹಿಡಿಯುವ ಬಸ್ಸು

ಮೊದಲು ಹೋದದ್ದು ಹೊಳೆನರಸೀಪುರಕ್ಕೆ. ಗುಲಾಬಿಯವರು ಒಂದು ಬಸ್ಸು ಉದ್ಘಾಟನೆ ಇಟ್ಟುಕೊಂಡಿದ್ದರು. ಅದರೊಳಗೆ ಒಂದು ಮೆಷಿನ್ನಿದೆ, ಹೆಂಗಸರು ಒಂದು ಬಾಗಿಲಲ್ಲಿ ಹತ್ತಿ ಇನ್ನೊಂದು ಬಾಗಿಲಲ್ಲಿ ಇಳಿಯೋದರೊಳಗೆ ಎದೆಯೊಳಗಿನ ಗಂಟೆಲ್ಲ ಕಾಣುತ್ತೆ ಅಂತ ಮೈಕಿನಲ್ಲಿ ಕೂಗ್ತಿದ್ದರು. ಬಸ್ಸಿನ ಮೈತುಂಬ ಗುಲಾಬಿ ಬಣ್ಣ, ಕಿಟಕಿ ಕಿಟಕಿಗೂ ನಗೋ ಹೆಂಗಸರ ಮುಖ ಅಂಟಿಸಿದ್ದರು. ಒಳಗಿನ ದೀಪ ಹತ್ತಿದಾಗ ಆ ಮುಖಗಳ ಕಣ್ಣು ಒಳಗಿಂದ ಬೆಳಗೋದು.

ಎದುರುಮನೆಯವಳು ನನ್ನ ಕೈ ಬಿಡಲಿಲ್ಲ, ನಾನೂ ಹತ್ತಬೇಕಾಯ್ತು. ಒಳಗೆ ಹೆಣ ಇಡೋ ಕೋಣೆ ಥರ ತಣ್ಣಗೆ. ನರ್ಸಿಲ್ಲ, ಡಾಕ್ಟರಿಲ್ಲ. ಬಿಳೀ ಬಟ್ಟೆ ಹೊದಿಸಿದ ಒಂದು ದೊಡ್ಡ ಪೆಟ್ಟಿಗೆ ಗುಂಯ್ ಅಂತಿದೆ. ಎಲ್ಲಿಂದಲೋ ಒಂದು ಹೆಣ್ಣು ದನಿ, ಮೆತ್ತಗೆ, "ಸೋದರಿಯರೇ, ಸಾಲಾಗಿ ನಿಲ್ಲಿ. ಉಸಿರು ಹಿಡಿಯಿರಿ" ಅಂದಿತು. ನಾವೆಲ್ಲ ಹಿಡಿದೆವು. ಸ್ವಲ್ಪ ಹೊತ್ತಾದಮೇಲೆ "ಉಸಿರು ಬಿಡಿ" ಅಂದಿತು. ಬಿಟ್ಟೆವು. ಮತ್ತೆ "ಉಸಿರು ಹಿಡಿಯಿರಿ" ಅಂದಿತು. ಹಿಡಿದೆವು. ಅಷ್ಟರಲ್ಲಿ ಜನರೇಟರ್ ನಿಂತಿತು.

ದೀಪ ಹೋಯ್ತು, ಗುಂಯ್ ಅನ್ನೋದು ಹೋಯ್ತು, ಆ ದನಿಯೂ ಹೋಯ್ತು. ಅಷ್ಟು ಜನ ಹೆಂಗಸರಿದ್ದ ಬಸ್ಸಿನಲ್ಲಿ ಒಂದು ಉಸಿರಿನ ಸದ್ದಿಲ್ಲ. ಬಿಡಿ ಅಂತ ಯಾರೂ ಹೇಳಿಲ್ಲವಲ್ಲ. ಕಿಟಕಿ ಮೇಲಿನ ಮುಖಗಳು ಮಾತ್ರ ಬಿಸಿಲಿಗೆ ನಗ್ತಿದ್ದವು. ಎದುರುಮನೆಯವಳ ಉಗುರು ನನ್ನ ಮುಂಗೈಗೆ ಇಳೀತಿತ್ತು. ನಾನು ತಡೀಲಾರದೆ ಆ ಬಿಳೀ ಬಟ್ಟೆ ಹಿಡಿದು ಎಳೆದೆ. ಕೆಳಗಿದ್ದದ್ದು ಐಸ್ ಕ್ರೀಮ್ ಇಡೋ ಫ್ರೀಜರ್. ಮುಚ್ಚಳದ ಮೇಲೆ ಕೋನಿನ ಚಿತ್ರ. ಮೆಷಿನ್ನು ಇನ್ನೂ ಬಂದಿರಲಿಲ್ಲ. ಉದ್ಘಾಟನೆ ದಿನ ಬಸ್ಸು ಖಾಲಿ ಕಾಣಬಾರದು ಅಂತ ಬಸ್ಸಿಗೆ ದುಡ್ಡು ಕೊಟ್ಟ ಐಸ್ ಕ್ರೀಮಿನವರ ಫ್ರೀಜರನ್ನೇ ತಂದು ಇಟ್ಟಿದ್ದರು.

ನಾವು ಹಿಂದಿನ ಬಾಗಿಲಿಂದ ಬಿದ್ದಂಗೆ ಇಳಿದೆವು. ಬಿಸಿಲಿಗೆ ಬಂದು ಬಾಯ್ತುಂಬ ಗಾಳಿ ಸಿಕ್ಕಿದ್ದಕ್ಕೆ ಎದುರುಮನೆಯವಳ ಮುಖ ಹೂವಿನ ಹಾಗೆ ಅರಳಿತು. ಅದೇ ಹೊತ್ತಿಗೆ ಸಂಘದ ಫೋಟೋದವನು ಕ್ಲಿಕ್ ಅನ್ನಿಸಿದ. ಇದೊಂದು ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬರುತ್ತೆ.

ನಮ್ಮ ಬೀದಿಯ ಒಬ್ಬ ಮುದುಕಿ ಮಾತ್ರ ಇಳಿಯಲೇ ಇಲ್ಲ. ಡ್ರೈವರ್ ಒಳಗೆ ಹೋಗಿ ನೋಡಿದರೆ ಕಣ್ಣು ಮುಚ್ಚಿ, ಕೆನ್ನೆ ಊದಿಸಿಕೊಂಡು ಫ್ರೀಜರಿಗೆ ಒರಗಿ ನಿಂತಿದಾಳೆ. ಅವನು ಅವಳ ಬೆನ್ನು ತಟ್ಟಿ ಕೈಮುಗಿದ. "ಅಜ್ಜಿ, ಉಸ್ರು ಬುಡವ್ವ. ಡೀಸೆಲ್ ಮುಗ್ದೋಗದೆ, ಅವ್ಳು ಇವತ್ತಿನ್ನು ಮಾತಾಡಾಕಿಲ್ಲ."

ತಲೆಯಿಲ್ಲದ ತಾಯಿ

ಆಮೇಲೆ ನೇರಳೆಯವರು ಅರಕಲಗೂಡಿಗೆ ಕರೆದರು. ನಿಮ್ಮ ಎದೆ ನೀವೇ ಪರೀಕ್ಷೆ ಮಾಡಿಕೊಳ್ಳೋದು ಹೇಗೆ ಅಂತ ಹೇಳಿಕೊಡೋ ಕಾರ್ಯಕ್ರಮ. ಹೇಳಿಕೊಡೋ ಮೇಡಮ್ಮು ಬೆಂಗಳೂರಿಂದ ಬರಬೇಕು. ಅವಳಿಗಿಂತ ಮೊದಲೇ ಅವಳ ರಬ್ಬರ್ ಬೊಂಬೆ ಬಂದು ಸಮುದಾಯ ಭವನದಲ್ಲಿ ಮೇಜಿನ ಮೇಲೆ ಕೂತಿತ್ತು. ಬೊಂಬೆ ಅಂದರೆ ಕುತ್ತಿಗೆಯಿಂದ ಸೊಂಟದವರೆಗೆ ಒಂದು ಹೆಂಗಸಿನ ಮೈ, ಅಷ್ಟೇ. ತಲೆಯಿಲ್ಲ, ಕೈಯಿಲ್ಲ. ಬಣ್ಣ ನಿಮ್ಮ ನಮ್ಮ ಮೈ ಬಣ್ಣವೇ. ಯಾರೋ ಮರ್ಯಾದೆಗೆ ಒಂದು ನೇರಳೆ ಸೆರಗು ಹೊದಿಸಿದ್ದರು.

ನಮ್ಮ ವ್ಯಾನು ತಲುಪೋದರೊಳಗೆ ಸುತ್ತಲ ಹಳ್ಳಿಯ ಹೆಂಗಸರು ಆಗಲೇ ಬಂದು ಕೂತಿದ್ದರು. ಮೇಜು, ಮೇಜಿನ ಮೇಲೆ ಸೀರೆ ಉಟ್ಟ ಹೆಣ್ಣು ಮೈ, ಅಕ್ಕಪಕ್ಕ ಉದ್ಘಾಟನೆಗೆ ಇಟ್ಟ ದೀಪದ ಕಂಬ. ಅವರು ಏನಂದುಕೊಳ್ಳಬೇಕು? ಕುಂಕುಮ ಇಡೋಕೆ ಹಣೆ ಇಲ್ಲ ಅಂತ ಕುತ್ತಿಗೆಗೇ ಇಟ್ಟಿದ್ದರು. ಮಲ್ಲಿಗೆ ಏರಿಸಿದ್ದರು. ಊದುಬತ್ತಿ ಹೊಗೆ ತಲೆ ಇರಬೇಕಾದ ಜಾಗದಲ್ಲಿ ಸುತ್ತಿ ಸುತ್ತಿ ನಿಲ್ಲೋದು. ಒಂದು ಗಳಿಗೆ ನೋಡಿದರೆ ಅಲ್ಲೊಂದು ಮುಖ ಮೂಡ್ತಾ ಇದೆಯೇನೋ ಅನ್ನಿಸೋದು. ಒಬ್ಬಳು ಕಣ್ಣು ಮುಚ್ಚಿ ಹೂ ಕೇಳ್ತಾ ಕೂತಿದ್ದಳು. ಬಲಗಡೆ ಬಿದ್ದರೆ ಕೆಲಸ ಆಗುತ್ತೆ, ಎಡಗಡೆ ಬಿದ್ದರೆ ಇಲ್ಲ ಅಂತ ದೇವರ ಮುಂದೆ ಕೇಳ್ತೀವಲ್ಲ, ಹಾಗೆ.

ಎದುರುಮನೆಯವಳು ನೆಟ್ಟಗೆ ಹೋಗಿ ಕೈಮುಗಿದು ನಿಂತಳು. ಮನಸ್ಸಲ್ಲಿ ಏನು ಕೇಳಿದಳು ಅಂತ ನನಗೆ ಗೊತ್ತು. ಫ್ಯಾನೂ ತಿರುಗ್ತಿರಲಿಲ್ಲ. ಒಂದು ಹೂ ಜಾರಿ, ಬೊಂಬೆಯ ಎಡ ಎದೆ ಮೇಲೆ ಒಂದು ಗಳಿಗೆ ನಿಂತು, ಕೆಳಗೆ ಬಿತ್ತು.

ಅಷ್ಟರಲ್ಲಿ ನೇರಳೆ ಸಂಘದವಳು ಮೇಡಮ್ಮನ್ನ ಕರೆದುಕೊಂಡು ಬಂದಳು. ಪೂಜೆ ನೋಡಿ ಮೇಡಮ್ಮು ಬೆಚ್ಚಿಬಿದ್ದಳು. ನೇರಳೆಯವಳು ಬೆಚ್ಚಲಿಲ್ಲ. ಜನ ಎಲ್ಲಿ ಕೈಮುಗೀತಾರೋ ಅಲ್ಲಿ ತಾನೂ ಮುಗಿಯೋದು ಕಲಿತವಳು, ಚಪ್ಪಲಿ ಬಿಟ್ಟು ಮಂಗಳಾರತಿ ತಗೊಂಡು ಫೋಟೋ ತೆಗೆಸಿಕೊಂಡಳು.

"ಬನ್ನಿ, ಒತ್ತಿ ನೋಡಿ. ಒಳಗೊಂದು ಗಂಟಿದೆ, ಹುಡುಕಿ" ಅಂತ ಮೇಡಮ್ಮು ಕರೆದರೆ ಒಬ್ಬಳೂ ಏಳಲಿಲ್ಲ. "ಅವ್ವನ ಮೈಗೆ ಕೈ ಆಕೋದುಂಟಾ?" ಅಂದರು. ಜನ ಕರೆತಂದ ತಪ್ಪಿಗೆ ನಾನೇ ಎದ್ದೆ. ದೀಪದ ಪಕ್ಕ ಇದ್ದು ಇದ್ದು ಆ ರಬ್ಬರು ಬಿಸಿಯಾಗಿತ್ತು, ಮೈಯ ಹಾಗೇ ಬಿಸಿ. ಎಡಗಡೆ ಒತ್ತಿದೆ. ಬೆರಳ ಕೆಳಗೆ ಗಂಟು ಸಿಕ್ಕಿ, ಜೀವ ಇರೋ ಹಾಗೆ ಪಕ್ಕಕ್ಕೆ ಸರೀತು. ನಾನು ಕೈ ಕಿತ್ತುಕೊಂಡೆ. ಮನೆಗೆ ಬಂದಮೇಲೂ ಅದು ಬೆರಳ ತುದಿಯಲ್ಲೇ ಇತ್ತು. ಮಾರನೇ ದಿನದಿಂದ ಜಗಲಿ ಮೇಲೆ ಕೂತು ತಲೆ ಬಾಚಿಕೊಳ್ಳೋದು ಬಿಟ್ಟು ಒಳಗೇ ಬಾಚಿಕೊಳ್ತೀನಿ. ಆಚೆ ಚಳಿ.

ಎದುರುಮನೆಯವಳು ಮುಟ್ಟಿದಳು. "ಮೇಡಮ್ಮೋರೆ, ನಂದೂ ಇಂಗೇ ಅದೆ. ವಸಿ ನೋಡಿ" ಅಂದಳು.

"ವೆರಿ ಗುಡ್. ನೋಡಿ, ಇವರು ಕಲಿತರು" ಅಂತ ಮೇಡಮ್ಮು ಚಪ್ಪಾಳೆ ಹೊಡೆಸಿದಳು. "ನಾವು ನೋಡೋದಿಲ್ಲಮ್ಮ, ನಮ್ಮದು ಅರಿವು ಮೂಡಿಸೋದು ಮಾತ್ರ."

ಸಾಯಂಕಾಲ ಬೊಂಬೆನ ಕಾರಿನ ಡಿಕ್ಕಿಗೆ ಹಾಕೋಕೆ ಹೋದರೆ ಹಳ್ಳಿ ಮುದುಕಿ ಒಬ್ಬಳು ಅಡ್ಡ ನಿಂತುಬಿಟ್ಟಳು. "ಅವ್ವನ್ನ ಅಲ್ಲಿ ಮಲಗಿಸ್ಬ್ಯಾಡಿ. ಮುಂದ್ಗಡೆ ಕೂರಿಸ್ಕೊಂಡೋಗಿ." ಕೊನೆಗೆ ಮೇಡಮ್ಮು ಹಿಂದೆ ಕೂತಳು. ತಾಯಿ ಮುಂದಿನ ಸೀಟಿನಲ್ಲಿ, ಕುತ್ತಿಗೆಗೆ ಮಲ್ಲಿಗೆ, ಎದೆಗೆ ಅಡ್ಡ ಬೆಲ್ಟು ಹಾಕಿಕೊಂಡು, ತಲೆಯಿಲ್ಲದೆ ಬೆಂಗಳೂರಿಗೆ ಹೋದಳು.

ಚನ್ನರಾಯಪಟ್ಟಣದ ಬಾಗಿನ

ಗುಲಾಬಿಯವರು ಸುಮ್ಮನಿರ್ತಾರಾ? ಚನ್ನರಾಯಪಟ್ಟಣದಲ್ಲಿ ಮುತ್ತೈದೆಯರಿಗೆ ಬಾಗಿನ ಅಂತ ಕೂಗಿಸಿದರು. ಲೇಡಿ ಡಾಕ್ಟರು ಬರ್ತಾರೆ ಅಂತಲೂ ಇತ್ತು. ಅದಕ್ಕೇ ಎದುರುಮನೆಯವಳು ಹೊರಟಳು.

ನಾನು ಗಂಡ ಸತ್ತವಳು, ನನಗೆ ಮೊರ ಇಲ್ಲ, ಊಟ ಮಾತ್ರ. ತಪಾಸಣೆ ಚೀಟಿಯೂ ಮೊರದೊಳಗೇ ಇಟ್ಟಿದ್ದರಂತೆ. ಗಂಡ ಹೋದವಳಿಗೆ ಎದೆಯೂ ಹೋಗಿರುತ್ತೆ ಅಂತ ಸಂಘದವರ ಲೆಕ್ಕ ಇರಬೇಕು. ನನಗೇನೂ ಬೇಜಾರಿಲ್ಲ, ನಾನು ತೋರಿಸಿಕೊಳ್ಳೋಳೂ ಅಲ್ಲ. ಗುಂಡುಕಲ್ಲಿನ ಹಾಗಿದೀನಿ.

ಮೊರದಲ್ಲಿ ಬಳೆ, ಬಾಚಣಿಗೆ, ಕನ್ನಡಿ, ರವಿಕೆ ಕಣ, ಜೊತೆಗೆ ಒಂದು ಪುಟ್ಟ ಬಾಟ್ಲಿ. ಗುಲಾಬಿ ಮುಚ್ಚಳ, ಮೈಮೇಲೆ ಗುಲಾಬಿ ರಿಬ್ಬನ್ನು ಅಂಟಿಸಿದ್ದರು. ದುಡ್ಡು ಹಾಕಿದ ಕಂಪನಿಯವನು ಮೈಕು ಹಿಡಿದು ಹೇಳಿದ, "ತಾಯಂದಿರೇ, ನಿಮ್ಮ ಮೈಯೊಳಗಿನ ಕಳೆ ತೆಗೆಯೋದು ಸಂಘ. ನಿಮ್ಮ ಹೊಲದೊಳಗಿನ ಕಳೆ ತೆಗೆಯೋದು ನಮ್ಮ ಔಷಧಿ. ನೀವು ಒಂದೊಂದು ಬಾಟ್ಲಿ ಕೊಂಡಾಗಲೂ ಒಬ್ಬ ಸೋದರಿ ಉಳೀತಾಳೆ."

ಈ ಮಾತು ಎದುರುಮನೆಯವಳು ಕೇಳಿಸಿಕೊಳ್ಳಲಿಲ್ಲ. ಅವಳು ಲೇಡಿ ಡಾಕ್ಟರನ್ನ ಹುಡುಕ್ತಾ ವೇದಿಕೆ ಹಿಂದೆ ಹೋಗಿದ್ದಳು. ಡಾಕ್ಟರು ಬಂದಿದ್ದಂತೂ ನಿಜ. ಶಾಲು ಹೊದಿಸಿಕೊಂಡರು, ಹಾರ ಹಾಕಿಸಿಕೊಂಡರು, ಇನ್ನೊಂದು ಕಡೆ ಸನ್ಮಾನ ಇದೆ ಅಂತ ಹೊರಟರು. ಇವಳಿಗೆ ಸಿಕ್ಕಿದ್ದು ಕಾರಿನ ಧೂಳು.

ಮನೆಗೆ ಬಂದು ಮೊರ ದೇವರ ಮುಂದಿಟ್ಟಳು. ಬಾಗಿನದಲ್ಲಿ ಬಂದ ಬಣ್ಣದ ನೀರು, ಪನ್ನೀರೇ ಇರಬೇಕು ಅಂದುಕೊಂಡು ತುಳಸಿಗೆ ಚಿಮುಕಿಸಿದಳು, ಸುತ್ತ ಪ್ರದಕ್ಷಿಣೆ ಬರ್ತಾ ಕಟ್ಟೆಗೂ ಚಿಮುಕಿಸಿದಳು. ಕೆಲವು ದಿನಕ್ಕೆ ತುಳಸಿ ತುದಿಯಿಂದ ಕೆಳಕ್ಕೆ ಸುಡ್ತಾ ಬಂತು. ಬೆಂಕಿಯಿಲ್ಲ, ಹೊಗೆಯಿಲ್ಲ, ಸುಮ್ಮನೆ ಸುಡೋದು. ಕಟ್ಟೆ ಸುತ್ತ ಇದ್ದ ಗರಿಕೆಯೂ ಕಂದಿ, ಅವಳು ನಡೆದ ಜಾಗದಲ್ಲೆಲ್ಲ ಒಂದು ಒಣ ಬಳೆ ಬರೆದಂಗೆ ಆಯ್ತು.

"ನಾನು ಸುತ್ತ ಬಂದ ಜಾಗವೇ ಸತ್ತೋಯ್ತು ಕಣಕ್ಕ. ಅಲ್ಲಿ ಹೂವೂ ಎಡಕ್ಕೆ ಬಿತ್ತು. ಇನ್ನೇನು ತೋರಿಸೋದು? ನಾನು ಎಲ್ಗೂ ಬರಾಕಿಲ್ಲ."

ನಾನು ಆ ಬಾಟ್ಲಿ ರಿಬ್ಬನ್ನು ಉಗುರಲ್ಲಿ ಕೆರೆದು ಕಿತ್ತೆ. ಕೆಳಗೆ ಕಳೆ ಗಿಡದ ಚಿತ್ರ, ಅದರ ಮೇಲೆ ಅಡ್ಡಗೀಟು. ತೋರಿಸಿದರೆ ನಂಬಲಿಲ್ಲ. "ಬಾಗಿನದಾಗೆ ಯಾರಾದ್ರೂ ವಿಸ ಇಟ್ಟು ಕೊಡ್ತಾರಾ? ನೀನು ನನ್ನ ಸಮಾಧಾನಕ್ಕೆ ಏಳ್ತಿದ್ದೀಯ" ಅಂದು ಬಾಗಿಲು ಹಾಕಿಕೊಂಡಳು.

ಅದೇ ಬಾಗಿನ ತಗೊಂಡ ಚನ್ನರಾಯಪಟ್ಟಣದ ಒಬ್ಬಳು ಕಳೆ ಅಂದಿದ್ದನ್ನ ಸರಿಯಾಗೇ ಕೇಳಿಸಿಕೊಂಡಿದ್ದಳಂತೆ. ಹೊಲದ್ದೇ ಹೋಗೋದಾದರೆ ತಲೇದು ಹೋಗಲ್ವಾ ಅಂತ ಮಗಳ ಹೇನಿಗೆ ಹಚ್ಚಿದಳು. ಪುಣ್ಯಕ್ಕೆ ಮಗೂಗೆ ತಲೆ ಉರಿ ಬಂದದ್ದೇ ತೊಳೆದುಬಿಟ್ಟಳು, ಏನೂ ಆಗಲಿಲ್ಲ. ಆದರೆ ಡೀಲರ್ ಅಂಗಡಿ ಮುಂದೆ ನಿಂತು ಜಗಳ, "ಒಂದು ಹೇನೂ ಸಾಯ್ನಿಲ್ಲ. ಇಂಥ ಕಲಬೆರಕೆ ಮಾಲು ಇಟ್ಕೊಂಡು ಎಂಗಸ್ರನ್ನ ಉಳಿಸ್ತೀರಾ?"

ರಸ್ತೆಯ ಎರಡು ಕಡೆ

ಈಗ ಆ ಫೋಟೋಗೆ ಬರ್ತೀನಿ.

ಒಂದು ದಿನ ಬೆಳಿಗ್ಗೆ ಸಾಲಗಾಮೆ ರಸ್ತೆಯಲ್ಲಿ ಆಳೆತ್ತರದ ಫ್ಲೆಕ್ಸು. ಎದುರುಮನೆಯವಳು, ಬಸ್ಸಿಂದ ಇಳಿದು ಗಾಳಿ ಸಿಕ್ಕ ಖುಷಿಯ ಮುಖ. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. "ಕ್ಯಾನ್ಸರ್ ಗೆದ್ದು ಬಂದ ಧೀರೆ." ಪಕ್ಕದಲ್ಲಿ ಗುಲಾಬಿ ಅಧ್ಯಕ್ಷೆ ಕೈಮುಗಿದು ನಿಂತಿದಾಳೆ. ನೋಡಿ, ಇವಳ ಗಂಟು ಏನು ಅಂತ ಇನ್ನೂ ಒಬ್ಬರೂ ಮುಟ್ಟಿ ನೋಡಿಲ್ಲ, ಆಗಲೇ ಗೆದ್ದುಬಿಟ್ಟಿದ್ದಳು.

ವಾರ ಕಳೆದಿಲ್ಲ, ಅದೇ ರಸ್ತೆಯ ಆ ಕಡೆ ಇನ್ನೊಂದು ಫ್ಲೆಕ್ಸು ಎದ್ದಿತು. ಅದೇ ಮುಖ, ಅದೇ ನಗು, ಬಣ್ಣ ಮಾತ್ರ ತೆಗೆದು ಕಪ್ಪು ಬಿಳುಪು ಮಾಡಿದ್ದರು. ಸುತ್ತ ಹಾರ, ಕೆಳಗೆ ಉರಿಯೋ ದೀಪ. "ಸುಳ್ಳು ಬಸ್ಸು ನಂಬಿ ನಮ್ಮನ್ನಗಲಿದ ಸೋದರಿಗೆ ನ್ಯಾಯ ಬೇಕು." ಇದು ನೇರಳೆಯವರದು. ಅವರಿಗೆ ಸತ್ತವಳೊಬ್ಬಳು ಬೇಕಾಗಿತ್ತು, ಗೆದ್ದವಳನ್ನೇ ಎತ್ತಿಕೊಂಡಿದ್ದರು.

ಗಾಳಿ ಬಂದಾಗ ಎರಡು ಫ್ಲೆಕ್ಸೂ ಉಬ್ಬಿ ತಗ್ಗೋವು. ಗೆದ್ದವಳೂ ಸತ್ತವಳೂ ಎದುರುಬದುರು ನಿಂತು ಉಸಿರಾಡೋ ಹಾಗೆ. ನಿಜವಾದವಳು ಇಬ್ಬರ ನಡುವೆ ಹಾಲಿನ ಚೊಂಬು ಹಿಡಿದು ತಲೆ ಬಗ್ಗಿಸಿಕೊಂಡು ಹೋಗೋಳು. ದೂರದ ಬೀದಿಯವರು ಅವಳನ್ನ ಕಂಡರೆ ಮೊದಲು ಮುಖ ನೋಡ್ತಿರಲಿಲ್ಲ, ಪಾದ ನೋಡೋರು. ಹಿಂದುಮುಂದಾಗಿದೆಯಾ ಅಂತ.

ಗುಲಾಬಿಯವರು ಮನೆಗೆ ಬಂದು, "ನಾಳೆ ವೇದಿಕೆಗೆ ಬಂದು ಬದುಕಿದೀನಿ ಅಂತ ಒಂದು ಮಾತು ಹೇಳಮ್ಮ" ಅಂದರು. ಅವರು ಜಗಲಿ ಇಳಿಯೋ ಮೊದಲೇ ನೇರಳೆಯವರು ಬಂದರು. ಅವಳು ಎರಡು ಕಡೆಗೂ ಒಂದೇ ಕೇಳಿದಳು, "ನನ್ನ ಗಂಟು ನೋಡೋ ಡಾಕ್ಟ್ರು ನಿಮ್ಮ ಜೊತೆ ಬಂದವ್ರಾ?" ಗುಲಾಬಿಯವರು ಎದ್ದು ಹೋದರು. ನೇರಳೆಯವಳು ಮಾತ್ರ ಮೆತ್ತಗೆ ಅವಳ ಕೈ ಹಿಡಿದು, "ಎಲೆಕ್ಷನ್ ಮುಗಿಯೋವರೆಗೆ ಆಚೆ ಓಡಾಡಬೇಡ ತಾಯಿ. ಸತ್ತೋರು ಓಡಾಡಿದರೆ ನಮಗೆ ಕೆಟ್ಟ ಹೆಸರು" ಅಂದಳು.

ತವರು ಸೀರೆ

ಇವಳ ತವರು ಬಾಗೂರು. ಆ ಕಪ್ಪು ಬಿಳುಪಿನ ಫ್ಲೆಕ್ಸು ಬಾಗೂರಿಗೂ ಹೋಗಿತ್ತು.

ಮುತ್ತೈದೆ ಸತ್ತರೆ ತವರಿನವರು ಸೀರೆ ತರಬೇಕಲ್ಲ, ಆ ಸೀರೆ ಹೊದಿಸದೆ ಹೆಣ ಎತ್ತಲ್ಲ. ಒಂದು ಬೆಳಿಗ್ಗೆ ನಮ್ಮ ಬೀದಿ ತುದಿಯಲ್ಲಿ ಅಳು ಕೇಳಿತು. ನೋಡಿದರೆ ಇವಳ ಅಣ್ಣ, ಅತ್ತಿಗೆ, ಹಿಂದೆ ಬಾಗೂರಿನ ಒಂದಷ್ಟು ಜನ. ತಟ್ಟೆಯಲ್ಲಿ ಹಸಿರು ಸೀರೆ, ಅರಿಶಿನ, ಕುಂಕುಮ, ಹೂವು. ಅತ್ತಿಗೆ ಎದೆ ಬಡಿದುಕೊಂಡು, "ಒಂದು ಮಾತು ಏಳ್ದೆ ಒಂಟೋದ್ಯಲ್ಲೇ" ಅಂತ ರಾಗ ಎಳೀತಾ ಬರ್ತಿದ್ದಳು.

ಎದುರುಮನೆ ಬಾಗಿಲು ತೆರೀತು. ಗಿರಣಿ ಹಿಟ್ಟು ಜರಡಿ ಹಿಡೀತಿದ್ದವಳು ಹಾಗೇ ಎದ್ದು ಬಂದಿದ್ದಳು. ಮುಖ, ಕೈ, ಕೂದಲು ಎಲ್ಲ ಬೆಳ್ಳಗೆ. ಬಾಗಿಲಲ್ಲಿ ನಿಂತು, "ಯಾರು ಓದ್ರಣ್ಣ?" ಅಂದಳು.

ಅಣ್ಣ ತಟ್ಟೆ ಹಿಡಿದುಕೊಂಡೇ ನೆಲಕ್ಕೆ ಕುಸಿದ. ಬಾಗೂರಿನವರು ಬಂದ ದಾರಿಯಲ್ಲೇ ಅರ್ಧ ಬೀದಿ ಹಿಂದಕ್ಕೆ ಹೋದರು. ಅತ್ತಿಗೆ ಮಾತ್ರ ಶುರು ಮಾಡಿದ ರಾಗ ನಿಲ್ಲಿಸಲಾರದೆ, ಸತ್ತವಳ ಮುಖ ನೋಡ್ತಾ ನೋಡ್ತಾನೇ ಇನ್ನೆರಡು ಸಾಲು ಅತ್ತಳು.

ಎಲ್ಲ ತಿಳಿದ ಮೇಲೆ ಎದುರುಮನೆಯವಳು ಸೀರೆ ಎತ್ತಿ ಬೆರಳಲ್ಲಿ ಸವರಿ ನೋಡಿದಳು. "ಅಣ್ಣ, ಜರಿ ಅಂಚು. ಗೌರಿ ಅಬ್ಬಕ್ಕೆ ಕಳಿಸ್ತಿದ್ದದ್ದು ಒಂದು ಸಲ ನೀರಿಗಾಕಿದ್ರೆ ಜಾಲರಿ ಆಗ್ಬುಡೋದು."

"ಕೊಡವ್ವ, ವಾಪಸ್ ತಗೊಂಡೋಯ್ತೀನಿ. ಸತ್ತೋರ್ಗೆ ಅಂತ ತಂದದ್ದು ಬದುಕಿರೋರು ಉಡಬಾರ್ದು."

"ಯಾರು ಬದುಕಿರೋರು?" ಅಂದಳು. ಆ ಹಿಟ್ಟು ಮುಖದಲ್ಲಿ ಕಣ್ಣು ಎರಡೇ ಕಾಣ್ತಿದ್ದವು. ನಗ್ತಿದಾಳೋ ಅಳ್ತಿದಾಳೋ ನನಗಿವತ್ತಿಗೂ ಗೊತ್ತಿಲ್ಲ. "ತುಳಸಿ ಒಣಗ್ತು, ಅವ್ವ ಎಡಕ್ಕೆ ಹೂ ಕೊಟ್ಳು, ರಸ್ತೇಲಿ ಆರ ಆಕವ್ರೆ, ತವರು ಸೀರೇನೂ ಬಂತು. ಸತ್ತು ಮುಗೀತಲ್ಲ. ಇನ್ಯಾತರ ಎದ್ರಿಕೆ? ಸತ್ತೋಳ್ಗೆ ಎಂಗ್ಸು ಡಾಕ್ಟ್ರಾದ್ರೇನು, ಗಂಡು ಡಾಕ್ಟ್ರಾದ್ರೇನು. ಅಕ್ಕ, ಆಟೋ ಕರಿ."

ಮುಖ ತೊಳೆದು, ಕೆನ್ನೆಗೆ ಅರಿಶಿನ ಬಳಿದು, ಕಾಸಗಲ ಕುಂಕುಮ ಇಟ್ಟು, ತನ್ನ ಹೆಣಕ್ಕೆ ಬಂದ ಸೀರೆ ಉಟ್ಟು ಆಟೋ ಹತ್ತಿದಳು. ನಾನು ಪಕ್ಕದಲ್ಲಿ ಕೂತೆ. ಕೂತೆ ಅನ್ನೋದಕ್ಕಿಂತ ತುದಿಗೆ ಒತ್ತಿಕೊಂಡೆ. ಸಾಲಗಾಮೆ ರಸ್ತೆಯಲ್ಲಿ ಆ ಕಪ್ಪು ಬಿಳುಪಿನ ಫ್ಲೆಕ್ಸಿನ ಕೆಳಗೇ ಆಟೋ ನಿಂತಿತು. ಡ್ರೈವರ್ ಕನ್ನಡಿಯಲ್ಲಿ ಒಂದು ಸಲ ಅವಳನ್ನ ನೋಡಿದ, ತಲೆಯೆತ್ತಿ ಒಂದು ಸಲ ಫ್ಲೆಕ್ಸು ನೋಡಿದ. ಆಮೇಲೆ ಆಸ್ಪತ್ರೆವರೆಗೆ ಹಿಂದೆ ತಿರುಗಲಿಲ್ಲ, ಇಳಿದಾಗ ಬಾಡಿಗೆಗೂ ಕೈ ಚಾಚಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಲೈನು ಗೇಟಿನವರೆಗಿತ್ತು. ಹಿಂದಿನವಳು ಇವಳನ್ನ ನೋಡಿದಳು, ಮುಂದಿನವಳ ಭುಜ ತಟ್ಟಿದಳು, ಅವಳು ಅದರ ಮುಂದಿನವಳದ್ದು. ಯಾರೂ ಕೂಗಲಿಲ್ಲ. ಲೈನು ಸುಮ್ಮನೆ ಎರಡು ಭಾಗವಾಗಿ ನಡುವೆ ದಾರಿ ಬಿಟ್ಟಿತು. ನಾವು ನಡೆದು ಹೋಗೋವಾಗ ನಮ್ಮ ಚಪ್ಪಲಿ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನವನು. "ಎಲ್ಲೋ ನೋಡಿದೀನಲ್ಲಮ್ಮ ನಿಮ್ಮನ್ನ" ಅಂದ.

"ಸತ್ತಾಗ ನೋಡಿರ್ತೀರ ಸಾ" ಅಂತ ಇವಳು ತಾನೇ ರವಿಕೆ ಗುಂಡಿಗೆ ಕೈ ಹಾಕಿದಳು. ಅವನು ಗಾಬರಿಯಾಗಿ ಮೊದಲು ಪರದೆ ಎಳೆದ.

ಗಂಟಿಗೆ ಸೂಜಿ ಹಾಕಿ ಒಂಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರೋವರೆಗಿನ ದಿನಗಳಿದಾವಲ್ಲ, ಅವು ಬೇಡ. ಒಗೆದ ಹಸಿರು ಸೀರೆ ಎದುರುಮನೆ ತಂತಿ ಮೇಲೆ ತೂಗ್ತಿರೋದು. ಗಾಳಿಗೆ ಅದರೊಳಗೆ ಒಂದು ಮೈ ತುಂಬಿಕೊಳ್ಳೋದು, ತಲೆಯಿಲ್ಲದ ಮೈ, ಆಮೇಲೆ ಖಾಲಿಯಾಗೋದು. ನಾನು ಕಿಟಕಿ ಹಾಕಿಕೊಳ್ತಿದ್ದೆ.

ಕೆಟ್ಟದ್ದಲ್ಲ ಅಂತ ಬಂತು. ಬರೀ ಗಂಟು. ಚಿಕ್ಕದಾಗಿ ಕೊಯ್ದು ತೆಗೆದು, ಹೊಲಿಗೆ ಹಾಕಿ ಕಳಿಸಿದರು. ಅಷ್ಟು ಊರು ಅಲೆದು ಸಿಗದ ಮಾತು ಮನೆಗೆ ಹತ್ತಿರದಲ್ಲೇ ಇತ್ತು.

ನಿನ್ನೆ ಸಾಯಂಕಾಲ ಬಂದಳು. ಬಂದು ಅವತ್ತಿನ ಹಾಗೇ ಬಾಗಿಲು ಹಾಕಿ ಚಿಲಕ ಸರಿಸಿದಳು. ಕೈಯಲ್ಲಿ ಮಡಿಸಿದ ಹಸಿರು ಸೀರೆ.

"ಅಕ್ಕ, ಜಗಲಿ ಮ್ಯಾಲೆ ತಲೆ ಬಾಚೋದು ಯಾಕೆ ಬುಟ್ಟೆ?"

"ಚಳಿ ಕಣೆ" ಅಂದೆ.

"ಅರಕಲಗೂಡಿಂದ ಬಂದ ಮಾರ್ನೇ ದಿನದಿಂದ ಚಳಿ. ಆ ಬೊಂಬೆ ಮುಟ್ದಾಗಿಂದ ನೀನು ಎಡಗೈ ಮ್ಯಾಲಕ್ಕೆತ್ತಿಲ್ಲ. ಗೂಡಿನಿಂದ ದೀಪ ತಗಿಯೋದೂ ಬಲಗೈಲೇ. ನಿಂಗೂ ಗಂಟು ಸಿಕ್ಕದೆ. ನೀನೊಬ್ಳೇ ಎದುರುಮನೆ ನೋಡೋದು ಅನ್ಕೊಂಡಿದ್ದೀಯಾ? ನಂಗೂ ಎದುರುಮನೆ ಅದೆ."

ನಾನು ಎಡಗೈನ ಸೆರಗಿನೊಳಗೆ ಮುಚ್ಚಿಕೊಂಡೆ. ಅವಳು ಆ ಸೀರೆ ತಂದು ನನ್ನ ಮಡಿಲಲ್ಲಿಟ್ಟಳು. ಒಗೆದಿದ್ದರೂ ಅರಿಶಿನದ ವಾಸನೆ ಹೋಗಿರಲಿಲ್ಲ. ಆಮೇಲೆ ನನ್ನ ಮುಖಕ್ಕೆ ಮುಖ ಕೊಟ್ಟು ಹೇಳಿದಳು.

"ಸೋಮವಾರ ದೊಡ್ಡಾಸ್ಪತ್ರೆಗೋಗೋವಾಗ ಇದ ಉಟ್ಕೊ. ಇದ ಉಟ್ಟೋರ್ಗೆ ನಾಚ್ಕೆ ಆಗಾಕಿಲ್ಲ, ಲೈನೂ ಇರಾಕಿಲ್ಲ. ನೀನು ಒಳಗೋಗು, ನಾನು ಆಚೆ ಬೆಂಚಿನ ಮ್ಯಾಲೆ ಕುಂತಿರ್ತೀನಿ. ಎದರ್ಬ್ಯಾಡ ಕಣಕ್ಕ, ನಾನು ಯಾರ್ಗೂ ಏಳಾಕಿಲ್ಲ. ಇಬ್ರಿಗೆ ಬುಟ್ಟು."